ಬೆಂಗಳೂರಲ್ಲಿ ಒಳ್ಳೆಯ ವಿಯೆಟ್ನಾಂ ಹೋಟೆಲ್ ಆರಿಸೋದು ಹೇಗೆ?

ಪ್ರಶ್ನೆ: ನಾವು ದಾವಣಗೆರೆ ವಿದ್ಯಾನಗರದವರು. ಮಗಳು, ಅಳಿಯ ಬೆಂಗಳೂರಿನಲ್ಲಿದ್ದಾರೆ. ಮುಂದಿನ ತಿಂಗಳು ನಾವು ಹೋದಾಗ ಎಲ್ಲರನ್ನೂ ವಿಯೆಟ್ನಾಂ ಊಟಕ್ಕೆ ಕರೆದುಕೊಂಡು ಹೋಗಬೇಕು ಅಂತ ಮಗಳ ಆಸೆ. ಮೊಬೈಲಿನಲ್ಲಿ ಹುಡುಕಿದರೆ ಹತ್ತಾರು ಹೆಸರು ಬರುತ್ತವೆ, ಎಲ್ಲದಕ್ಕೂ ನಾಲ್ಕಕ್ಕಿಂತ ಹೆಚ್ಚು ಸ್ಟಾರ್. ಯಾವುದು ನಿಜಕ್ಕೂ ಚೆನ್ನಾಗಿದೆ ಅಂತ ತಿಳಿಯೋದು ಹೇಗೆ? ನಾನು, ನಮ್ಮ ಮನೆಯವರು ಕೋಳಿ, ಮೀನು ತಿನ್ನುತ್ತೇವೆ. ಅತ್ತೆಯವರು ಮೊಟ್ಟೆಯನ್ನೂ ಮುಟ್ಟೋದಿಲ್ಲ. ಅವರಿಗೆ ಅಲ್ಲಿ ಏನಾದರೂ ಸಿಗುತ್ತದೆಯೇ?

ಉತ್ತರ: ಸಿಗುತ್ತದೆ. ಅತ್ತೆಯವರನ್ನು ಮುಂದಿಟ್ಟುಕೊಂಡು ಹುಡುಕಿದರೆ ನಿಮಗೂ ಒಳ್ಳೆಯ ಹೋಟೆಲ್ಲೇ ಸಿಗುತ್ತದೆ. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಸ್ಟಾರ್‌ಗಳ ಲೆಕ್ಕ ಬಿಡಿ. ನಮ್ಮ ಹಾಗೆ ಮಸಾಲೆ ಹುರಿದು, ರುಬ್ಬಿ, ಒಗ್ಗರಣೆ ಹಾಕುವ ಪದ್ಧತಿ ವಿಯೆಟ್ನಾಂ ಅಡುಗೆಯಲ್ಲಿ ಕಡಿಮೆ. ಹಾಗಾಗಿ ತಪ್ಪನ್ನು ಮುಚ್ಚಿಡಲು ಜಾಗವೂ ಕಡಿಮೆ. ಈ ಊಟದ ಜೀವ ಇರುವುದು ಎರಡರಲ್ಲಿ: ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕಾಯಿಸಿದ ಸಾರು, ಮತ್ತು ಅದರ ಜೊತೆ ಬರುವ ಹಸಿ ಸೊಪ್ಪು. ಎರಡಕ್ಕೂ ಶ್ರಮ ಬೇಕು, ಖರ್ಚೂ ಇದೆ. ಕಳ್ಳದಾರಿ ಹಿಡಿಯುವ ಅಡುಗೆಮನೆ ಮೊದಲು ಕೈಬಿಡುವುದು ಇವೆರಡನ್ನೇ.

ಮೆನುವಿನಿಂದ ಶುರು ಮಾಡಿ. ಹೆಚ್ಚಿನ ಹೋಟೆಲ್‌ಗಳ ಮೆನು ಮೊಬೈಲಿನಲ್ಲೇ ಇರುತ್ತದೆ. ಒಂದೇ ಮೆನುವಿನಲ್ಲಿ ಸುಶಿ, ಥಾಯ್ ಕರಿ, ಮೋಮೊ, ಮಂಚೂರಿ, ಕೊನೆಯಲ್ಲಿ ಎರಡು ಸಾಲು ವಿಯೆಟ್ನಾಂ ಇದ್ದರೆ ಅಲ್ಲಿ ಫೋ ತಗೊಳ್ಳಬೇಡಿ. ಫೋ ಅಂದರೆ ಅಕ್ಕಿಯ ಪಟ್ಟಿ ನೂಡಲ್ಸ್ ಹಾಕಿದ ಸಾರಿನ ಬಟ್ಟಲು, ಆ ದೇಶದ ಅತಿ ಹೆಸರಾದ ಊಟ. ಅದಕ್ಕೆ ಅಂತಲೇ ದೊಡ್ಡ ಪಾತ್ರೆಯಲ್ಲಿ ಸಾರು ಒಲೆ ಮೇಲಿರಬೇಕು. ದಿನಕ್ಕೆ ನಾಲ್ಕೈದು ಬಟ್ಟಲು ಮಾರುವ ಕಡೆ ಆ ಪಾತ್ರೆ ಇಟ್ಟರೆ ನಷ್ಟ, ಅದಕ್ಕೇ ಸ್ಟಾಕ್ ಪುಡಿ (ಅಂಗಡಿಯ ಸಿದ್ಧ ಸಾರಿನ ಪುಡಿ) ಕದಡಿ ಬಿಸಿನೀರು ಕೊಡುತ್ತಾರೆ. ಹದಿನೈದು ಇಪ್ಪತ್ತು ಐಟಂಗಳ ಸಣ್ಣ ಮೆನು, ಅದರಲ್ಲಿ ಫೋ, ಬುನ್ (ದುಂಡು ಅಕ್ಕಿ ಶಾವಿಗೆಯ ಬಟ್ಟಲು), ಹಸಿ ರೋಲ್, ಬಾನ್ ಮಿ ಬ್ರೆಡ್ಡು ಇದ್ದರೆ ನಂಬಬಹುದು. ಹನೋಯ್, ಹ್ವೆ, ಸೈಗಾನ್ ಅಂತ ಊರುಗಳ ಹೆಸರಿನಲ್ಲಿ ತಿಂಡಿ ಬಿಡಿಸಿ ಬರೆದಿದ್ದರೆ ಇನ್ನೂ ಒಳ್ಳೆಯದು. ಉತ್ತರದ ಹನೋಯ್ ಫೋ ತಿಳಿಯಾಗಿ, ಹಗುರ ರುಚಿಯಲ್ಲಿ, ಹೆಚ್ಚು ಸೊಪ್ಪಿಲ್ಲದೆ ಬರುತ್ತದೆ. ದಕ್ಷಿಣದ್ದು ತುಸು ಸಿಹಿ. ಪಕ್ಕದಲ್ಲಿ ತಟ್ಟೆ ತುಂಬ ಸೊಪ್ಪು, ಹೆಸರುಕಾಳಿನ ಮೊಳಕೆ, ನಿಂಬೆಹೋಳು ಇರುತ್ತವೆ. 1954ರಲ್ಲಿ ದೇಶ ಎರಡಾದಾಗ ಉತ್ತರದಿಂದ ವಲಸೆ ಬಂದವರ ಜೊತೆ ಫೋ ದಕ್ಷಿಣದಲ್ಲಿ ಹರಡಿ ಹೀಗೆ ಮೈತುಂಬಿಕೊಂಡಿತು. ಎರಡೂ ಸರಿಯೇ. ಹನೋಯ್ ಅಂತ ಬೋರ್ಡು ಹಾಕಿದವರು ಮೊಳಕೆ ಕೊಡಲಿಲ್ಲ ಅಂತ ಬೇಸರ ಬೇಡ.

ವಿಮರ್ಶೆಗಳಲ್ಲಿ ಮಾತಿಗಿಂತ ಫೋಟೊ ನೋಡಿ. ಹೋಟೆಲಿನವರು ಹಾಕಿದ್ದಲ್ಲ, ಗಿರಾಕಿಗಳು ಈ ಎರಡು ಮೂರು ತಿಂಗಳಲ್ಲಿ ಹಾಕಿದ್ದು. ಸಾರಿನ ಬಣ್ಣ ತಿಳಿ ಹೊಂಬಣ್ಣವಾಗಿದ್ದು ತಳದ ನೂಡಲ್ಸ್ ಕಾಣುತ್ತಿದೆಯೇ? ಸೊಪ್ಪು ಬೇರೆ ತಟ್ಟೆಯಲ್ಲಿ ಬಂದಿದೆಯೇ? ನೂಡಲ್ಸ್ ಬಿಳಿ, ಚಪ್ಪಟೆ ಪಟ್ಟಿಯೇ ಅಥವಾ ಹಳದಿ ಹಕ್ಕಾ ನೂಡಲ್ಸೇ? ಬರಹದಲ್ಲಿ ದೂರುಗಳನ್ನು ಓದಿ. 'ಸಪ್ಪೆ, ಖಾರಾನೇ ಇಲ್ಲ' ಅಂತ ಬೈದಿದ್ದರೆ ಅದು ಹಲವು ಸಲ ಒಳ್ಳೆಯ ಸುದ್ದಿ: ಫೋ ಇರಬೇಕಾದ್ದೇ ಹಾಗೆ, ಖಾರ, ಹುಳಿ ಮೇಜಿನ ಮೇಲೆ ನಾವೇ ಸೇರಿಸಿಕೊಳ್ಳುವುದು. 'ಉಪ್ಪು ಜಾಸ್ತಿ, ರಾತ್ರಿಯೆಲ್ಲ ಬಾಯಾರಿಕೆ' ಅನ್ನುವ ದೂರು ಎರಡು ಮೂರು ಕಡೆ ಕಂಡರೆ ಮಾತ್ರ ಬಿಟ್ಟುಬಿಡಿ, ಅದು ಪುಡಿ ಸಾರಿನ ಗುರುತು.

ಹೀಗೆ ಎರಡು ಮೂರು ಹೆಸರು ಉಳಿದ ಮೇಲೆ ಹಿಂದಿನ ದಿನವೇ ಫೋನ್ ಮಾಡಿ. ಕೇಳಬೇಕಾದ್ದು ನಾಲ್ಕು ಮಾತು: ಕೋಳಿ ಫೋ ಸಾರು ಎಷ್ಟು ಹೊತ್ತು ಕಾಯಿಸುತ್ತೀರಿ? ತರಕಾರಿ ಫೋಗೆ ಬೇರೆ ಸಾರು ಇದೆಯೇ? ಫಿಶ್ ಸಾಸ್ (ಉಪ್ಪಿನಲ್ಲಿಟ್ಟ ಮೀನಿನ ರಸ) ಹಾಕದ ಡಿಪ್ (ಅದ್ದಿ ತಿನ್ನುವ ರಸ) ಮಾಡಿಕೊಡುತ್ತೀರಾ? ರೋಲ್ ಆರ್ಡರ್ ಕೊಟ್ಟ ಮೇಲೆ ಸುತ್ತುತ್ತೀರಾ? ಮೊದಲನೆಯದಕ್ಕೆ ಮೂರು ನಾಲ್ಕು ಗಂಟೆ ಅಂದರೆ ಸರಿ. ದೊಡ್ಡ ಎಲುಬಿನ ಸಾರಿಗೆ 8ರಿಂದ 12 ಗಂಟೆ ಬೇಕು, ಏಕೆಂದರೆ ಎಲುಬಿನ ಕೀಲು, ನರಗಳಲ್ಲಿರುವ ಕೊಲಾಜನ್ ಎಂಬ ಗಟ್ಟಿ ನಾರು ಕರಗಿ ಜೆಲಟಿನ್ ಎಂಬ ಅಂಟು ಆಗುವುದು ನಿಧಾನ. ತರಕಾರಿಗೆ ಅಷ್ಟೆಲ್ಲ ಬೇಡ, ಒಂದರಿಂದ ಒಂದೂವರೆ ಗಂಟೆಯಲ್ಲಿ ಅದರ ಸತ್ವ ನೀರಿಗಿಳಿಯುತ್ತದೆ. 'ವೆಜ್ ಸಾರೂ ಹನ್ನೆರಡು ಗಂಟೆ ಕುದಿಸುತ್ತೇವೆ' ಅಂತ ಹೆಮ್ಮೆಯಿಂದ ಹೇಳಿದರೆ, ಒಂದೋ ಅವರಿಗೆ ಅಡುಗೆ ಗೊತ್ತಿಲ್ಲ, ಇಲ್ಲ ಅದು ತರಕಾರಿ ಸಾರಲ್ಲ.

ಮಧ್ಯಾಹ್ನಕ್ಕೇ ಹೋಗಿ. ಸಾರು ಹೊಸದಾಗಿರುವುದು ಆಗ. ಬೆಳಿಗ್ಗೆ ಆರಕ್ಕೆ ದಾವಣಗೆರೆ ಬಿಟ್ಟರೆ ಸುಮಾರು 260 ಕಿಲೋಮೀಟರ್ ಹೆದ್ದಾರಿ ಮುಗಿಸಿ ಮಗಳ ಮನೆಯಲ್ಲಿ ಕೈಕಾಲು ತೊಳೆದುಕೊಂಡು ಹನ್ನೆರಡೂವರೆ ಹೊತ್ತಿಗೆ ಕೂರಬಹುದು. ಮೂರೂವರೆ ಮೇಲೆ ಹಲವು ಕಡೆ ಅಡುಗೆಮನೆ ಮುಚ್ಚಿ ಸಂಜೆ ತೆರೆಯುತ್ತಾರೆ. ಭಾನುವಾರ ರಾತ್ರಿ ಮಾತ್ರ ಬೇಡ. ನೂಕುನುಗ್ಗಲಿನಲ್ಲಿ ಸಾರಿಗೆ ನೀರು ಸೇರಿಸುವ ಆಸೆ ಯಾರಿಗಾದರೂ ಬರುತ್ತದೆ. ರಾತ್ರಿ ಎಂಟಕ್ಕೆ 'ಫೋ ಮುಗಿಯಿತು' ಅನ್ನುವ ಹೋಟೆಲ್ ಸಿಕ್ಕರೆ ಆ ಹೆಸರು ಬರೆದಿಟ್ಟುಕೊಳ್ಳಿ.

ಈಗ ಬಟ್ಟಲು ಮುಂದೆ ಬಂತು ಅಂತಿಟ್ಟುಕೊಳ್ಳಿ. ನಿಂಬೆ ಹಿಂಡುವ ಮುಂಚೆ, ಸಾಸ್ ಹಾಕುವ ಮುಂಚೆ, ಬರೀ ಸಾರು ಎರಡು ಚಮಚ ಕುಡಿಯಿರಿ. ಪರೀಕ್ಷೆ ಅಲ್ಲೇ ಆಗಿಹೋಗುತ್ತದೆ. ಸರಿಯಾದ ಸಾರಿನ ಲೆಕ್ಕ ಹೀಗಿದೆ: ನಾಲ್ಕೈದು ಲೀಟರಿಗೆ ಎರಡೂವರೆ ಕಿಲೋ ಎಲುಬು, ಕೆಂಡ ಅಥವಾ ಉರಿ ಮೇಲೆ ಸಿಪ್ಪೆ ಕಪ್ಪಾಗುವಷ್ಟು ಸುಟ್ಟ ಎರಡು ಈರುಳ್ಳಿ, 100 ಗ್ರಾಂ ಶುಂಠಿ, ಹುರಿದ ಚಕ್ರಮೊಗ್ಗು ಐದಾರು, ಒಂದು ಉದ್ದ ಚಕ್ಕೆ, ಮೂರು ನಾಲ್ಕು ಲವಂಗ, ಒಂದು ಕಪ್ಪು ಏಲಕ್ಕಿ, ಒಂದು ಚಮಚ ಕೊತ್ತಂಬರಿ ಬೀಜ, ಕೊನೆಯಲ್ಲಿ ಫಿಶ್ ಸಾಸ್, ಚೂರು ಕಲ್ಲುಸಕ್ಕರೆ. ನಮ್ಮ ಪಲಾವಿನ ಸಾಮಾನೇ ಹೆಚ್ಚುಕಡಿಮೆ, ಆದರೆ ಇಲ್ಲಿ ಅದನ್ನು ಬಟ್ಟೆಯಲ್ಲಿ ಕಟ್ಟಿ ಇಳಿಬಿಟ್ಟು, ಒಂದು ಹಂತದಲ್ಲಿ ತೆಗೆದುಬಿಡುತ್ತಾರೆ. ಬಾಯಿಗೆ ಮೊದಲು ಮಾಂಸದ ಸಿಹಿ ಬರಬೇಕು, ಆಮೇಲೆ ಸುಟ್ಟ ಶುಂಠಿಯ ವಾಸನೆ, ಹಿಂದೆ ಎಲ್ಲೋ ಚಕ್ರಮೊಗ್ಗು. ಚಕ್ರಮೊಗ್ಗೇ ಮುಂದೆ ಬಂದು ಮೂಗಿಗೆ ಹೊಡೆದರೆ, ತೆಳು ಸಾರನ್ನು ಮಸಾಲೆಯಿಂದ ತುಂಬಿಸಿದ್ದಾರೆ ಅಂತ.

ಸಾರು ಕದಡಿದ್ದರೆ ಕಾರಣ ಎರಡೇ. ಎಲುಬನ್ನು ಮೊದಲು ಐದು ಹತ್ತು ನಿಮಿಷ ಕುದಿಸಿ ಆ ನೀರು ಚೆಲ್ಲಿ ತೊಳೆಯಲಿಲ್ಲ. ಇಲ್ಲವೇ ಕೊತಕೊತ ಕುದಿಸಿದರು, ಕೊಬ್ಬು ನೀರಿನಲ್ಲಿ ಒಡೆದು ಬೆರೆತುಹೋಯಿತು. ಮೇಲೆ ಸಣ್ಣ ಸಣ್ಣ ಎಣ್ಣೆ ಹನಿ ತೇಲುವುದು ಸರಿ, ಎಣ್ಣೆಯ ಪದರ ತಪ್ಪು. ಕುಡಿದ ಮೇಲೆ ತುಟಿಗೆ ಚೂರು ಅಂಟಂಟು ಹತ್ತಿದರೆ ಅದು ಜೆಲಟಿನ್. ಪುಡಿ ಸಾರು ಅದನ್ನು ತರಲಾರದು. ಬಟ್ಟಲು ಹಬೆಯಾಡುತ್ತ ಬರಬೇಕು. ಉಗುರುಬೆಚ್ಚಗೆ ಬಂದರೆ ಸಂಕೋಚವಿಲ್ಲದೆ ವಾಪಸ್ ಕಳಿಸಿ, ಏಕೆಂದರೆ ಮೊಳಕೆ, ಸೊಪ್ಪು ಬಾಡುವುದು, ತೆಳು ಮಾಂಸ ಹಾಕಿದ್ದರೆ ಅದು ಬೇಯುವುದು ಆ ಬಿಸಿಯಲ್ಲೇ. ನೂಡಲ್ಸ್ ಗಂಟುಕಟ್ಟಿದ್ದರೆ ಮೊದಲೇ ಬೇಯಿಸಿಟ್ಟದ್ದು. ಬಂದ ಹತ್ತು ನಿಮಿಷದೊಳಗೆ ತಿನ್ನಲು ಶುರು ಮಾಡಿ, ಫೋಟೊ ಆಮೇಲೆ. ಅಕ್ಕಿಯ ನೂಡಲ್ಸ್ ಸಾರು ಹೀರಿ ಬೇಗ ಊದಿಕೊಳ್ಳುತ್ತದೆ.

ಅಂದಹಾಗೆ, ಫೋ ಅಂದರೆ ಮೂಲತಃ ದನದ ಮಾಂಸದ್ದು. ಕರ್ನಾಟಕದಲ್ಲಿ 2020ರ ಜಾನುವಾರು ಹತ್ಯೆ ತಡೆ ಕಾಯ್ದೆ ಇರುವುದರಿಂದ ಬೆಂಗಳೂರಿನಲ್ಲಿ ಕೋಳಿಯದ್ದನ್ನೇ ಹೆಚ್ಚಾಗಿ ಕಾಣುತ್ತೀರಿ, ಕೆಲವೆಡೆ ಎಮ್ಮೆ ಮಾಂಸವೂ ಇರಬಹುದು. ನಿಮಗೆ ಬೇಡವಾದ್ದು ಬಾರದಂತೆ ಕೇಳಿಕೊಂಡೇ ಹೇಳಿ. ಕೋಳಿ ಫೋ ಕೀಳಲ್ಲ, ಹನೋಯ್‌ನಲ್ಲೇ ಅದಕ್ಕೆಂದೇ ಮೀಸಲಾದ ಅಂಗಡಿಗಳಿವೆ.

ಸೊಪ್ಪಿನ ತಟ್ಟೆಗೆ ಬನ್ನಿ. ಪುದಿನ, ಕೊತ್ತಂಬರಿ ಎಲ್ಲ ಕಡೆ ಇರುತ್ತದೆ. ನೇರಳೆ ಕಾಂಡದ, ಸೋಂಪಿನ ಘಮದ ತುಳಸಿ ಇದ್ದರೆ ಅಡುಗೆಮನೆಗೆ ಶ್ರದ್ಧೆ ಇದೆ ಅಂತ ಲೆಕ್ಕ. ಅದು ನಮ್ಮ ಕಾಮಕಸ್ತೂರಿಯದೇ ಜಾತಿ. ಗರಗಸದಂಥ ಅಂಚಿನ ಉದ್ದನೆಯ ಎಲೆಯೂ ಇದ್ದರೆ ಬಹಳ ಸಂತೋಷ: ಕೊತ್ತಂಬರಿಯ ಘಮವೇ, ಅದಕ್ಕಿಂತ ಗಾಢ. ಉಳಿದ ಒಂದೆರಡು ವಿಯೆಟ್ನಾಂ ಸೊಪ್ಪು ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ, ಇಲ್ಲದಿದ್ದರೆ ತಪ್ಪೆಣಿಸಬೇಡಿ. ಎಲೆಗಳ ಸ್ಥಿತಿ ಮಾತ್ರ ಕಟ್ಟುನಿಟ್ಟಾಗಿ ನೋಡಿ. ಕಾಮಕಸ್ತೂರಿಯ ಅಂಚು ಕಪ್ಪಾಗಿದ್ದರೆ ಫ್ರಿಜ್ಜಿನ ಚಳಿಗೆ ಸುಟ್ಟದ್ದು, ಆ ಸೊಪ್ಪು ಹತ್ತು ಹನ್ನೆರಡು ಡಿಗ್ರಿಗಿಂತ ಕೆಳಗೆ ತಾಳುವುದಿಲ್ಲ. ನೀರು ತೊಟ್ಟಿಕ್ಕುತ್ತ, ಜೋತುಬಿದ್ದಿದ್ದರೆ ಬೆಳಿಗ್ಗೆ ತೊಳೆದು ಹಾಗೇ ರಾಶಿ ಹಾಕಿದ್ದು. ಹಸಿಯಾಗಿ ತಿನ್ನುವ ವಸ್ತುವಾದ್ದರಿಂದ ಇದರಲ್ಲಿ ಮುಲಾಜು ಬೇಡ. ಮೊಳಕೆಯನ್ನಂತೂ ಬಟ್ಟಲು ಬಂದ ಕೂಡಲೇ ಸಾರಿನ ತಳಕ್ಕೆ ತಳ್ಳಿಬಿಡಿ. ಹಸಿ ಮೊಳಕೆಯಲ್ಲಿ ರೋಗಾಣು ಬೆಳೆಯುವುದು ಸುಲಭ, ವಯಸ್ಸಾದವರು ಹಸಿಯಾಗಿ ತಿನ್ನದಿರುವುದೇ ವಾಸಿ.

ಹಸಿ ರೋಲ್‌ಗೆ ಗೊಯ್ ಕುಅನ್ ಅಂತ ಬರೆದಿರುತ್ತಾರೆ. ಕರಿದದ್ದಲ್ಲ. ಅಕ್ಕಿಯ ತೆಳು ಹಾಳೆಯನ್ನು ಎರಡು ಮೂರು ಸೆಕೆಂಡು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಒಳಗೆ ಶಾವಿಗೆ, ಸೊಪ್ಪು, ಸಿಗಡಿ ಅಥವಾ ತೋಫು (ಸೋಯಾ ಹಾಲಿನ ಪನೀರ್) ಇಟ್ಟು ಸುತ್ತುತ್ತಾರೆ. ಹೊದಿಕೆಯ ಮೂಲಕ ಒಳಗಿನ ಬಣ್ಣ ಕಾಣಬೇಕು, ಕಚ್ಚಿದರೆ ಮೆತ್ತಗೆ ಹರಿಯಬೇಕು. ಅಂಚು ಚರ್ಮದಂತೆ ಗಟ್ಟಿಯಾಗಿ, ಒಳಗಿನ ಶಾವಿಗೆ ತಣ್ಣಗೆ ಬಿರುಸಾಗಿದ್ದರೆ ಫ್ರಿಜ್ಜಿನಿಂದ ಬಂದದ್ದು. ಕೈಗೆ ಲೋಳೆಯಾಗಿ ಅಂಟಿದರೆ ಹಾಳೆಯನ್ನು ಹೆಚ್ಚು ನೆನೆಸಿದ್ದಾರೆ.

ದಾವಣಗೆರೆಯವರು ಎಡವುವುದು ಬಾನ್ ಸೆಯೊದಲ್ಲಿ. ಹಳದಿ ಬಣ್ಣದ, ಅರ್ಧಕ್ಕೆ ಮಡಚಿದ ಅದನ್ನು ನೋಡಿದರೆ ದೋಸೆ ಅಂತಲೇ ಅನಿಸುತ್ತದೆ, ಬಾಯಿ ಬೆಣ್ಣೆ ದೋಸೆಯ ಹುಳಿಗೆ ಸಿದ್ಧವಾಗಿಬಿಡುತ್ತದೆ. ಇದರಲ್ಲಿ ಉದ್ದು ಇಲ್ಲ, ಹಿಟ್ಟು ಹುಳಿ ಬರಿಸುವುದೂ ಇಲ್ಲ. ಅಕ್ಕಿ ಹಿಟ್ಟು, ಅರಿಶಿನ, ತೆಂಗಿನ ಹಾಲು ಅಷ್ಟೇ. ಬಣ್ಣ ಅರಿಶಿನದ್ದು, ಮೊಟ್ಟೆಯದ್ದಲ್ಲ. ಆದರೆ ಕೆಲವರು ಹಿಟ್ಟಿಗೆ ಮೊಟ್ಟೆ ಸೇರಿಸುತ್ತಾರೆ, ಅತ್ತೆಯವರಿಗಾದರೆ ಕೇಳಿ. ಒಳಗೆ ಸಾಮಾನ್ಯವಾಗಿ ಹಂದಿ ಮಾಂಸ, ಸಿಗಡಿ, ಮೊಳಕೆ. ದಕ್ಷಿಣದ ಕಡೆ ಬೇಯಿಸಿದ ಹೆಸರುಬೇಳೆಯನ್ನೂ ಹಾಕುತ್ತಾರೆ. ಅಣಬೆ, ತೋಫು, ಹೆಸರುಬೇಳೆಯದ್ದು ಮಾಡಿಕೊಡಿ ಅಂದರೆ ಬಲ್ಲ ಅಡುಗೆಯವರಿಗೆ ಕಷ್ಟವಲ್ಲ. ಮೇಜಿಗೆ ಬಂದಾಗ ಅಂಚು ಮುರಿದರೆ ಲಟಕ್ಕನೆ ಅನ್ನಬೇಕು. ಮೆತ್ತಗಿದ್ದರೆ ಕಾವಲಿ ಕಾದಿರಲಿಲ್ಲ. ತುಂಡು ಮುರಿದು, ಲೆಟ್ಯೂಸ್ ಅಥವಾ ಸಾಸಿವೆ ಎಲೆಯಲ್ಲಿ ಪುದಿನದ ಜೊತೆ ಸುತ್ತಿ, ಡಿಪ್‌ನಲ್ಲಿ ಅದ್ದಿ ತಿನ್ನುವುದು ಕ್ರಮ. ಎಲೆ ಕೊಡದೆ ಬರೀ ಸೆಯೊ ತಂದಿಟ್ಟರೆ ಅರ್ಧ ಊಟವನ್ನೇ ಬಿಟ್ಟ ಹಾಗೆ.

ಇನ್ನು ಅತ್ತೆಯವರ ಊಟ. ಮೆನುವಿನಲ್ಲಿ ಹಸಿರು ಚುಕ್ಕೆ ಇದೆ ಅಂತ ಅಷ್ಟಕ್ಕೇ ನಿಲ್ಲಬೇಡಿ. ಈ ಅಡುಗೆಯಲ್ಲಿ ಉಪ್ಪಿನ ಜಾಗದಲ್ಲೇ ಫಿಶ್ ಸಾಸ್ ಕೂತಿರುತ್ತದೆ. ಆಂಚೊವಿ ಎಂಬ ಸಣ್ಣ ಮೀನು ಮೂರು ಪಾಲು, ಉಪ್ಪು ಒಂದು ಪಾಲು, ಮರದ ಪೀಪಾಯಿಯಲ್ಲಿ ಒಂದು ವರ್ಷದಷ್ಟು ಇಟ್ಟು ಇಳಿಸಿದ ರಸ ಅದು. ಫು ಕ್ವೊಕ್ ದ್ವೀಪದ್ದು ಹೆಸರುವಾಸಿ, 2012ರಲ್ಲಿ ಐರೋಪ್ಯ ಒಕ್ಕೂಟದಲ್ಲಿ ಮೂಲಸ್ಥಾನದ ಮಾನ್ಯತೆ ಪಡೆದದ್ದು. ಒಳ್ಳೆಯ ಅಡುಗೆಗೆ ಅದು ಬೇಕೇಬೇಕು, ಆದರೆ ಅದು ಎಲ್ಲೆಲ್ಲಿ ಅಡಗಿದೆ ಅಂತ ಬಡಿಸುವವರಿಗೆ ಗೊತ್ತಿರಬೇಕು. ಹಸಿ ಪರಂಗಿ ಸಲಾಡಿನ ರಸದಲ್ಲಿ ಅದಿದೆ, ಕೆಲವೆಡೆ ಒಣಸಿಗಡಿಯೂ ಇದೆ. ತರಕಾರಿ ಫೋ ಅಂತ ಬರೆದು ಕೋಳಿ ಸಾರಿನಲ್ಲಿ ತರಕಾರಿ ಹಾಕಿ ಕೊಡುವವರಿದ್ದಾರೆ. ಸೊಪ್ಪು ಹುರಿಯುವಾಗ ಆಯ್ಸ್ಟರ್ ಸಾಸ್ (ಸಿಂಪಿ ಮಾಂಸದ ಸಾಸ್) ಬೀಳುತ್ತದೆ. ರೋಲ್ ಜೊತೆಗಿನ ಶೇಂಗಾ ಡಿಪ್ ನೋಡಲು ಸಸ್ಯಾಹಾರಿಯೇ, ಆದರೆ ತೆಳು ಮಾಡಲು ಮಾಂಸದ ಸಾರು ಸೇರಿಸುವ ರೂಢಿಯಿದೆ. ಬಾನ್ ಮಿ ಬ್ರೆಡ್ಡಿಗೆ ಯಕೃತ್ತಿನ ಪೇಸ್ಟ್, ಮೊಟ್ಟೆಯ ಮಯೊನೇಸ್ ಸವರಿರುತ್ತಾರೆ. ತರಕಾರಿ ರೋಲ್ ಕರಿಯುವ ಎಣ್ಣೆ, ಹಂದಿ, ಸಿಗಡಿ ರೋಲ್ ಕರಿದ ಎಣ್ಣೆಯೇ ಆಗಿರಬಹುದು. ಎಲ್ಲಕ್ಕಿಂತ ಮೋಸ ಹೋಗುವುದು, ಮೊದಲು ತಂದಿಡುವ ಬಿಳಿ ಹಪ್ಪಳದಲ್ಲಿ: ಅಕ್ಕಿ ಸಂಡಿಗೆ ಅಂತ ಅತ್ತೆಯವರು ಕೈಹಾಕಿಯಾರು, ಅದು ಬಹಳ ಸಲ ಸಿಗಡಿ ಹಪ್ಪಳ.

ಕೇಳುವಾಗ 'ಚಾಯ್ ಊಟ' ಅನ್ನಿ. ವಿಯೆಟ್ನಾಂನ ಬೌದ್ಧರು ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ, ಅಂದರೆ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು, ಮೀನು ಮಾಂಸ ಬಿಟ್ಟು ಊಟ ಮಾಡುತ್ತಾರೆ. ಕಟ್ಟುನಿಟ್ಟಾಗಿ ಮಾಡುವವರು ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಿಡುತ್ತಾರೆ. ಆ ಊಟದ ಹೆಸರು ಚಾಯ್, ಅದರದ್ದೇ ದೊಡ್ಡ ಪರಂಪರೆ ಹ್ವೆ ನಗರದಲ್ಲಿದೆ. ಆದ್ದರಿಂದ ಅತ್ತೆಯವರಿಗಾಗಿ ಕೇಳುತ್ತಿರುವುದು ರಿಯಾಯಿತಿ ಅಲ್ಲ, ಆ ನಾಡಿನದ್ದೇ ಅಡುಗೆ. ಒಳ್ಳೆಯ ಚಾಯ್ ಸಾರಿಗೆ ಬಿಳಿ ಮೂಲಂಗಿ, ಗಜ್ಜರಿ, ಮುಸುಕಿನ ಜೋಳದ ತೆನೆ, ಒಣ ಶಿಟಾಕೆ ಅಣಬೆ, ಸುಟ್ಟ ಶುಂಠಿ, ಅದೇ ಚಕ್ರಮೊಗ್ಗು, ಚಕ್ಕೆ ಹಾಕುತ್ತಾರೆ. ಬಣ್ಣ ತಿಳಿ ಕಂದು, ರುಚಿಯಲ್ಲಿ ಅಣಬೆಯ ಗಾಢತೆ. 'ಫಿಶ್ ಸಾಸ್ ಎಲ್ಲೆಲ್ಲಿ ಹಾಕುತ್ತೀರಿ?' ಎಂಬ ಒಂದು ಪ್ರಶ್ನೆಗೆ ತಡವರಿಸದೆ, 'ಇದರಲ್ಲಿದೆ, ಅದರಲ್ಲಿಲ್ಲ, ಇದನ್ನು ಬಿಟ್ಟು ಮಾಡಬಹುದು, ಅದನ್ನು ಆಗುವುದಿಲ್ಲ' ಅಂತ ಬಿಡಿಸಿ ಹೇಳಿದರೆ ಆ ಅಡುಗೆಮನೆ ಎಲ್ಲವನ್ನೂ ತಾನೇ ಮಾಡುತ್ತಿದೆ ಅಂತ ತಿಳಿಯಿರಿ. 'ಎಲ್ಲಾ ವೆಜ್ ಮಾಡಿಕೊಡ್ತೀವಿ ಮೇಡಂ' ಅಂತ ಎಲ್ಲದಕ್ಕೂ ತಲೆಯಾಡಿಸುವವರ ಹತ್ತಿರ ಹೋಗಬೇಡಿ. ಅತ್ತೆಯವರನ್ನು ಮುಂದಿಟ್ಟುಕೊಂಡು ಹುಡುಕಿ ಅಂತ ಮೊದಲು ಹೇಳಿದ್ದು ಇದಕ್ಕೇ.

ಡಿಪ್ ನೋಡಿಯೂ ಅಳೆಯಬಹುದು. ಸರಿಯಾದದ್ದು ತೆಳು, ತಿಳಿ. ಬೆಳ್ಳುಳ್ಳಿ, ಮೆಣಸಿನಕಾಯಿ ಚೂರು ತೇಲುತ್ತಿರುತ್ತವೆ. ಫಿಶ್ ಸಾಸ್, ಸಕ್ಕರೆ, ನಿಂಬೆರಸ ತಲಾ ಒಂದು ಪಾಲಿಗೆ ನಾಲ್ಕೈದು ಪಾಲು ಬೆಚ್ಚನೆ ನೀರು. ಚಾಯ್ ಡಿಪ್‌ಗೆ ಫಿಶ್ ಸಾಸ್ ಬದಲು ಅರ್ಧ ಪಾಲು ಸೋಯಾ ಸಾಸ್, ಚಿಟಿಕೆ ಉಪ್ಪು. ಮನೆಯಲ್ಲೇ ಒಮ್ಮೆ ಮಾಡಿ ಅತ್ತೆಯವರಿಗೆ ರುಚಿ ತೋರಿಸಿದರೆ ಅಲ್ಲಿ ಹೊಸದೆನಿಸುವುದಿಲ್ಲ. ಹೋಟೆಲಿನಲ್ಲಿ ಕೆಂಪನೆ, ಜಿಗುಟು, ಬಾಟಲಿಯ ಸಿಹಿ ಸಾಸ್ ತಂದಿಟ್ಟರೆ ಅಂಕ ಕಳೆಯಿರಿ.

ಐದು ಜನಕ್ಕೆ ಎಷ್ಟು ಹೇಳಬೇಕು? ಸಿಗಡಿಯದ್ದೊಂದು, ತೋಫುವಿನದ್ದೊಂದು, ಎರಡು ಪ್ಲೇಟ್ ಹಸಿ ರೋಲ್. ಅಣಬೆಯ ಬಾನ್ ಸೆಯೊ ಒಂದು. ಎರಡು ಕೋಳಿ ಫೋ, ಒಂದು ಚಾಯ್ ಫೋ. ಉಳಿದ ಇಬ್ಬರಿಗೆ ಬುನ್ ಬಟ್ಟಲು. ಫೋ ಬಟ್ಟಲು ಒಬ್ಬರ ಪೂರ್ತಿ ಊಟ, ಫ್ರೈಡ್ ರೈಸ್ ಹಾಗೆ ಹಂಚಿಕೊಂಡರೆ ಸಾರು ಆರಿ ಕೆಡುತ್ತದೆ. ಕಡ್ಡಿ ಬಾರದಿದ್ದರೆ ಫೋರ್ಕ್ ಕೇಳಿ. ಶೇಂಗಾ ಒಗ್ಗದವರಿದ್ದರೆ ಮೊದಲೇ ಹೇಳಿ, ಅದು ಬಹುತೇಕ ಎಲ್ಲದರ ಮೇಲೂ ಉದುರುತ್ತದೆ.

ಕಾಫಿ ಕುಡಿಯದೆ ಏಳಬೇಡಿ. ಫಿನ್ ಎಂಬ ಸಣ್ಣ ಲೋಹದ ಫಿಲ್ಟರ್ ಲೋಟದ ಮೇಲೆ ಕೂತು, ನಾಲ್ಕೈದು ನಿಮಿಷ ಹನಿಹನಿಯಾಗಿ ಇಳಿಯಬೇಕು. ತಳದಲ್ಲಿ ಎರಡು ಮೂರು ಚಮಚ ಕಂಡೆನ್ಸ್ಡ್ ಮಿಲ್ಕ್, ಆಮೇಲೆ ಐಸ್. ಬೀಜ ರೊಬಸ್ಟಾ, ಆದ್ದರಿಂದ ಚಿಕ್ಕಮಗಳೂರಿನ ಅರೇಬಿಕಾ ರೂಢಿಯವರಿಗೆ ಕಹಿ, ಕಸುವು ಎರಡೂ ಹೆಚ್ಚು. ಮಿಕ್ಸಿಯಲ್ಲಿ ನೊರೆ ಎಬ್ಬಿಸಿದ ಕೋಲ್ಡ್ ಕಾಫಿ ತಂದರೆ ಅದಲ್ಲ. ಸಕ್ಕರೆ ಕಾಯಿಲೆಯವರು ಹಾಲು, ಸಕ್ಕರೆ ಎರಡೂ ಇಲ್ಲದ್ದನ್ನೇ ಕೇಳಿ. 1946ರಲ್ಲಿ ಹನೋಯ್‌ನಲ್ಲಿ ಹುಟ್ಟಿದ 'ಎಗ್ ಕಾಫಿ' ಮೆನುವಿನಲ್ಲಿದ್ದರೆ, ಅದರ ಮೇಲಿನ ಕೆನೆ ಮೊಟ್ಟೆಯ ಹಳದಿಯದ್ದು. ಅತ್ತೆಯವರ ಕಡೆ ಹೋಗದಿರಲಿ.

ಬಿಲ್ಲಿನಲ್ಲಿ 5% ಜಿಎಸ್‌ಟಿ ಸಾಮಾನ್ಯ. ಸರ್ವಿಸ್ ಚಾರ್ಜ್ ಕಡ್ಡಾಯವಲ್ಲ; 2022ರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಪ್ರಕಾರ ತಾನಾಗಿ ಸೇರಿಸುವಂತಿಲ್ಲ, ಬೇಡ ಅಂದರೆ ತೆಗೆಯಬೇಕು.

ದಾವಣಗೆರೆಗೆ ಪಾರ್ಸೆಲ್ ಕಟ್ಟಿಸುವ ಯೋಚನೆ ಇದ್ದರೆ ರೋಲ್, ಬಾನ್ ಮಿ ಬೇಡ. ಅಕ್ಕಿ ಹಾಳೆ ಒಂದೆರಡು ಗಂಟೆಯಲ್ಲಿ ಒಣಗಿ ಬಿರಿಯುತ್ತದೆ, ಮಯೊನೇಸ್, ಸಿಗಡಿ ಕಾರಿನ ಸೆಕೆಯಲ್ಲಿ ಐದು ಗಂಟೆ ತಡೆಯುವುದಿಲ್ಲ. ಮಗಳ ಮನೆಗೆ ಫೋ ಒಯ್ಯುವುದಾದರೆ ಸಾರು, ನೂಡಲ್ಸ್, ಸೊಪ್ಪು ಮೂರನ್ನೂ ಬೇರೆ ಬೇರೆ ಕಟ್ಟಿಸಿ. ಸಾರನ್ನು ಕುದಿ ಬರುವವರೆಗೆ ಕಾಯಿಸಿ, ನೂಡಲ್ಸನ್ನು ಹತ್ತು ಸೆಕೆಂಡು ಬಿಸಿನೀರಿನಲ್ಲಿ ಅದ್ದಿ ತೆಗೆದು, ಮೇಲೆ ಸಾರು ಸುರಿಯಿರಿ.